ಇಂಜಿನಿನ ನೀರಿಗೆ ಗಾಳಿ ಹಿಡಿದಾಗ



ಕಾಫಿ, ಮೆಣಸು, ಶುಂಠಿ, ಭತ್ತ ಇವುಗಳ ವಿಷಯ ಹೇಳಬೇಕಾದ ಕೃಷಿ ಅಧಿಕಾರಿ ಇವತ್ತು ಮೋಟಾರು ಗಾಡಿಯ ಮಾತು ಎತ್ತಿದನಲ್ಲಾ ಎಂದು ನಿಮಗೆ ಅನ್ನಿಸಬಹುದು. ಆದರೆ ಸ್ವಲ್ಪ ಯೋಚಿಸಿ ನೋಡಿ. ತೋಟದಿಂದ ಕಾಫಿ ಹಣ್ಣು ಕಣಕ್ಕೆ ಬರುವುದು ಯಾವುದರಲ್ಲಿ? ಗೊಬ್ಬರದ ಮೂಟೆ ಬರುವುದು, ಆಳುಗಳು ಬರುವುದು, ಶುಂಠಿ ಚೀಲ ಪೇಟೆಗೆ ಹೋಗುವುದು ಯಾವುದರಲ್ಲಿ? ನಡುರಾತ್ರಿ ಮನೆಯಲ್ಲಿ ಯಾರಿಗಾದರೂ ಮೈ ಸರಿಯಿಲ್ಲ ಅಂದರೆ ಹಾಸನದ ಆಸ್ಪತ್ರೆಗೆ ಓಡುವುದು ಯಾವುದರಲ್ಲಿ? ಜೀಪು, ಪಿಕಪ್ ಅಥವಾ ಕಾರು. ಹಿಂದೆ ಎತ್ತಿನ ಗಾಡಿಗೆ ಇದ್ದ ಸ್ಥಾನ ಈಗ ಇವಕ್ಕೆ ಬಂದಿದೆ. ಎತ್ತಿನ ಕಾಲಿಗೆ ಮುಳ್ಳು ತಗುಲಿದರೆ ಕೀಳುವುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಇಂಜಿನಿಗೆ ತಗುಲುವ ಮುಳ್ಳೊಂದನ್ನು ಕೀಳುವ ಬಗೆಯನ್ನು ನಾವು ಇವತ್ತು ತಿಳಿಯೋಣ. ಆ ಮುಳ್ಳಿನ ಹೆಸರು ಗಾಳಿ.

ಮೊದಲು ನಿಮಗೆ ಗೊತ್ತಿರುವ ಸಂಗತಿಯಿಂದಲೇ ಹೊರಡುತ್ತೇನೆ. ಗುಡ್ಡದ ಮೇಲಿನ ಅಬ್ಬಿಯಿಂದ ಮನೆಗೆ ಕಪ್ಪು ಪೈಪಿನಲ್ಲಿ ನೀರು ತಂದಿರುತ್ತೀರಿ. ಒಂದು ದಿನ ನೀರು ನಿಂತುಹೋಗುತ್ತದೆ. ಮೇಲೆ ಹೋಗಿ ನೋಡಿದರೆ ಅಬ್ಬಿ ತುಂಬಿ ಹರಿಯುತ್ತಿದೆ. ಪೈಪು ಎಲ್ಲಿಯೂ ಒಡೆದಿಲ್ಲ. ಆದರೂ ಕೆಳಗೆ ಹನಿ ನೀರಿಲ್ಲ. ಆಗ ನೀವು ಏನಂತೀರಿ? "ಪೈಪಿಗೆ ಏರ್ ಹಿಡ್ಕಂಡದೆ" ಅಂತೀರಿ. ಪೈಪು ದಿಣ್ಣೆ ಹತ್ತಿ ಇಳಿಯುವ ಕಡೆ, ಆ ದಿಣ್ಣೆಯ ನೆತ್ತಿಯಲ್ಲಿ ಗಾಳಿ ಸೇರಿಕೊಂಡು ನೀರಿನ ದಾರಿಗೆ ಅಡ್ಡ ಕೂತಿರುತ್ತದೆ. ಅಲ್ಲಿ ಜಾಯಿಂಟು ಸಡಿಲಿಸಿದರೆ ಗಾಳಿ ಬುಸ್ ಎಂದು ಹೊರಟು, ನೀರು ಉಗುಳಿ ಉಗುಳಿ ಬಂದು, ಆಮೇಲೆ ಒಂದೇ ಧಾರೆಯಾಗಿ ಹರಿಯುತ್ತದೆ. ಇಷ್ಟು ಬಲ್ಲವರಿಗೆ ಇಂಜಿನಿನ ವಿಷಯ ಅರ್ಧ ತಿಳಿದ ಹಾಗೆಯೆ.

ಇಂಜಿನಿನ ಒಳಗೂ ಇಂಥದೇ ನೀರಿನ ದಾರಿ ಉಂಟು. ಡೀಸೆಲ್ ಅಥವಾ ಪೆಟ್ರೋಲ್ ಉರಿಯುವ ಸಿಲಿಂಡರುಗಳ ಸುತ್ತ ಸಣ್ಣ ಸಣ್ಣ ಕಾಲುವೆಗಳಿವೆ. ಪಂಪೊಂದು ನೀರನ್ನು ಆ ಕಾಲುವೆಗಳಲ್ಲಿ ತಿರುಗಿಸುತ್ತದೆ. ನೀರು ಇಂಜಿನಿನ ಶಾಖವನ್ನು ಹೊತ್ತು ಮುಂದಿನ ರೇಡಿಯೇಟರಿಗೆ ಬಂದು, ಗಾಳಿಗೆ ಆ ಶಾಖವನ್ನು ಕೊಟ್ಟು, ತಣ್ಣಗಾಗಿ ಮತ್ತೆ ಒಳಗೆ ಹೋಗುತ್ತದೆ. ನಡುವೆ ಥರ್ಮೋಸ್ಟಾಟ್ ಎಂಬ ಒಂದು ಬಾಗಿಲಿದೆ. ಇಂಜಿನ್ ತಣ್ಣಗಿರುವಾಗ ಅದು ಮುಚ್ಚಿರುತ್ತದೆ. ನೀರು ಸುಮಾರು ೮೨ರಿಂದ ೯೦ ಡಿಗ್ರಿ ಸೆಲ್ಸಿಯಸ್ ಕಾದ ಮೇಲೆ ತೆರೆದು ರೇಡಿಯೇಟರಿಗೆ ದಾರಿ ಬಿಡುತ್ತದೆ. ನೀರು ಎಂದು ಬಾಯಿಮಾತಿಗೆ ಹೇಳಿದೆ. ನಿಜವಾಗಿ ಅಲ್ಲಿರಬೇಕಾದುದು ಕೂಲೆಂಟ್ ಬೆರೆಸಿದ ನೀರು.

ಈ ದಾರಿಯಲ್ಲಿ ಗಾಳಿ ಸೇರಿದರೆ ಏನು ಕೇಡು? ಮೂರು ಕೇಡು. ಒಂದನೆಯದು, ಗಾಳಿ ಶಾಖ ಹೊರುವುದಿಲ್ಲ. ಒಂದು ಲೀಟರ್ ನೀರು ಹೊರುವ ಶಾಖವನ್ನು ಹೊರಲು ಮೂರು ಸಾವಿರ ಲೀಟರಿಗೂ ಹೆಚ್ಚು ಗಾಳಿ ಬೇಕು. ಆದ್ದರಿಂದ ಗಾಳಿ ಕೂತ ಜಾಗ ಬಾಣಲೆಯ ತಳದಂತೆ ಕಾಯುತ್ತದೆ. ಎರಡನೆಯದು, ಪಂಪಿಗೆ ಗಾಳಿ ಸಿಕ್ಕಿದರೆ ಅದು ನೀರು ತಳ್ಳುವುದಿಲ್ಲ. ಕೆರೆಯ ದಡದ ಪಂಪ್‌ಸೆಟ್ಟಿಗೆ ಮೊದಲು ನೀರು ಹೊಯ್ಯದೆ ಚಾಲೂ ಮಾಡಿದರೆ ಸುಮ್ಮನೆ ತಿರುಗುತ್ತದೆಯೇ ಹೊರತು ನೀರೆತ್ತುವುದಿಲ್ಲವಲ್ಲ, ಹಾಗೆಯೇ ಇದು. ಮೂರನೆಯದು ಎಲ್ಲಕ್ಕಿಂತ ಮೋಸದ್ದು. ಶಾಖ ಅಳೆಯುವ ಸಾಧನ ನೀರಿನಲ್ಲಿ ಮುಳುಗಿರಬೇಕು. ಅದು ಗಾಳಿಯ ಗುಳ್ಳೆಯಲ್ಲಿ ನಿಂತರೆ ಸುಳ್ಳು ಹೇಳುತ್ತದೆ. ಒಳಗೆ ಇಂಜಿನ್ ಬೇಯುತ್ತಿದ್ದರೂ ಮುಳ್ಳು ನಡುವಿನಲ್ಲಿಯೇ ಸಮಾಧಾನವಾಗಿ ನಿಂತಿರಬಹುದು. ಇವೆಲ್ಲದರ ಕೊನೆ ಒಂದೇ. ಸಿಲಿಂಡರ್ ಹೆಡ್ಡು ಸೊಟ್ಟಗಾಗುತ್ತದೆ, ಹೆಡ್ ಗ್ಯಾಸ್ಕೆಟ್ಟು ಹೋಗುತ್ತದೆ. ಆ ರಿಪೇರಿಯ ಬಿಲ್ಲು ಕಾಫಿ ಮಾರಿದ ದುಡ್ಡಿಗೆ ಕೈ ಹಾಕುತ್ತದೆ.

ಹಳೆಯ ಜೀಪುಗಳಿಗೂ ಈ ತೊಂದರೆ ಇತ್ತು. ಆದರೆ ಈಗಿನ ಟರ್ಬೊ ಗಾಡಿಗಳಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಏಕೆಂದು ಕೇಳಿ. ಕಮ್ಮಾರನ ಕುಲುಮೆಯಲ್ಲಿ ತಿದಿ ಒತ್ತಿದರೆ ಅದೇ ಇದ್ದಲಿನಿಂದ ಹೆಚ್ಚು ಬೆಂಕಿ ಬರುತ್ತದೆ. ಟರ್ಬೊ ಎಂದರೆ ಇಂಜಿನಿನ ತಿದಿ. ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಇಂಜಿನಿಗೆ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಇಂಜಿನಿಯರು ೧೯೦೫ರಲ್ಲಿಯೇ ಇಂಥ ಏರ್ಪಾಡಿಗೆ ಪೇಟೆಂಟ್ ಪಡೆದರು. ಈಗಿನ ಸಣ್ಣ ಟರ್ಬೊದ ಅಚ್ಚು ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೇಲೆ ತಿರುಗುವುದುಂಟು. ಸಣ್ಣ ಇಂಜಿನಿನಿಂದ ದೊಡ್ಡ ಇಂಜಿನಿನ ಕೆಲಸ ತೆಗೆಯುವುದರಿಂದ ಶಾಖವೂ ಅದೇ ಪ್ರಮಾಣದಲ್ಲಿ ಏರುತ್ತದೆ. ಕೆಲವು ಗಾಡಿಗಳಲ್ಲಿ, ಮುಖ್ಯವಾಗಿ ಪೆಟ್ರೋಲ್ ಕಾರುಗಳಲ್ಲಿ, ಟರ್ಬೊದ ಬೇರಿಂಗಿನ ಸುತ್ತಲೂ ಇದೇ ಕೂಲೆಂಟ್ ಹರಿಯುತ್ತದೆ. ಅಲ್ಲಿ ಗಾಳಿ ನಿಂತರೆ ಟರ್ಬೊಗೂ ಆಪತ್ತು.

ಇನ್ನು ನಮ್ಮ ಸೀಮೆಯ ವಿಶೇಷ. ಸಮುದ್ರದ ಮಟ್ಟದಲ್ಲಿ ನೀರು ಕುದಿಯುವುದು ೧೦೦ ಡಿಗ್ರಿಗೆ. ಪ್ರತಿ ೩೦೦ ಮೀಟರ್ ಎತ್ತರಕ್ಕೆ ಅದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಸಕಲೇಶಪುರ ೯೦೦ ಮೀಟರಿಗೂ ಮೇಲಿರುವುದರಿಂದ ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು ೯೭ ಡಿಗ್ರಿಗೇ ಕುದಿಯುತ್ತದೆ. ಘಾಟಿ ಹತ್ತುವ ಇಂಜಿನಿನ ನೀರು ಇಷ್ಟು ಶಾಖಕ್ಕೆ ಬರುವುದು ಕಷ್ಟವೇನಲ್ಲ. ಹಾಗಾದರೆ ಎಲ್ಲ ಗಾಡಿಗಳೂ ಏಕೆ ಕುದಿಯುವುದಿಲ್ಲ? ಮುಚ್ಚಳದ ಮಹಿಮೆ. ರೇಡಿಯೇಟರಿನ ಅಥವಾ ಕೂಲೆಂಟ್ ಬಾಟ್ಲಿಯ ಮುಚ್ಚಳ ಪ್ರೆಶರ್ ಕುಕ್ಕರಿನ ತೂಕದಂತೆ ಒಳಗೆ ಒತ್ತಡ ಹಿಡಿದಿಡುತ್ತದೆ. ಒತ್ತಡ ಇದ್ದರೆ ನೀರು ೧೨೦ ಡಿಗ್ರಿಯ ಹತ್ತಿರದವರೆಗೂ ಕುದಿಯದೆ ನಿಲ್ಲಬಲ್ಲದು. ಕೂಲೆಂಟ್ ಬೆರೆತಿದ್ದರೆ ಇನ್ನೂ ಹೆಚ್ಚು. ಮುಚ್ಚಳದ ರಬ್ಬರು ಹರಿದು ಒತ್ತಡ ಸೋರಿದರೆ ಈ ರಕ್ಷಣೆ ಹೋಯಿತು. ಮೂರು ಕಾಸಿನ ಮುಚ್ಚಳ ಎಂದು ಅಸಡ್ಡೆ ಮಾಡಬಾರದು.

ಗುಂಡ್ಯದಿಂದ ಮಾರನಹಳ್ಳಿ, ದೋಣಿಗಲ್ ದಾಟಿ ಸಕಲೇಶಪುರಕ್ಕೆ ಏರುವ ಶಿರಾಡಿ ಘಾಟಿಯನ್ನು ನೆನೆಸಿಕೊಳ್ಳಿ. ಭಾರ ಹೇರಿದ ಗಾಡಿ, ಮುಂದೆ ಲಾರಿಗಳ ಸಾಲು, ಸಣ್ಣ ಗೇರು. ಇಂಜಿನ್ ದುಡಿಯುವುದು ಹೆಚ್ಚು, ರೇಡಿಯೇಟರಿಗೆ ಬೀಸುವ ಗಾಳಿ ಕಡಿಮೆ. ಬಿಸಿಲೆ ಘಾಟಿಯದೂ ಇದೇ ಕಥೆ. ಹಾಸನದ ಸಪಾಟು ರಸ್ತೆಯಲ್ಲಿ ತಲೆ ಎತ್ತದ ದೋಷ ಘಾಟಿಯಲ್ಲಿ ಎದ್ದು ಕೂರುತ್ತದೆ.

ಇದನ್ನು ನಾನು ಪುಸ್ತಕದಿಂದಷ್ಟೇ ಕಲಿಯಲಿಲ್ಲ. ನನ್ನ ಗಾಡಿಯ ಮೇಲಿನ ಹೋಸು ಬಿರುಕು ಬಿಟ್ಟಿತ್ತು. ನಾನೇ ಹೊಸದು ಹಾಕಿ, ಅವಸರದಲ್ಲಿ ಬಾಟ್ಲಿಯ ಗೆರೆಯವರೆಗೆ ಕೂಲೆಂಟ್ ಸುರಿದು, "ಆಯ್ತು" ಎಂದು ಹೊರಟೆ. ಘಾಟಿಯ ಅರ್ಧದಲ್ಲಿ ಮುಳ್ಳು ಕೆಂಪಿಗೆ ಹೋಯಿತು. ನಿಲ್ಲಿಸಿ, ಗಾಬರಿಯಲ್ಲಿ ಮುಚ್ಚಳಕ್ಕೆ ಕೈ ಹಾಕಿದೆ. ಹಿಂದೆ ನಿಂತ ಲಾರಿಯ ವಯಸ್ಸಾದ ಡ್ರೈವರು ಓಡಿ ಬಂದು ನನ್ನ ರಟ್ಟೆ ಹಿಡಿದು ಎಳೆದರು. "ಮುಟ್ಬೇಡಿ ಸ್ವಾಮಿ, ಮುಖ ಬೆಂದೋಗ್ತದೆ" ಅಂದರು. ಅವರು ಎಳೆಯದೆ ಇದ್ದಿದ್ದರೆ ಇವತ್ತು ಈ ಮಾತನ್ನು ನಿಮಗೆ ಹೇಳಲು ನಾನು ಈ ಸ್ಥಿತಿಯಲ್ಲಿ ಇರುತ್ತಿರಲಿಲ್ಲ. ಬಾಟ್ಲಿ ತುಂಬಿದೆ ಎಂದರೆ ಇಂಜಿನ್ ತುಂಬಿದೆ ಎಂದಲ್ಲ. ಈ ಒಂದು ಮಾತನ್ನು ಅಂದು ಕಲಿತೆ. ನೀವೂ ಇದನ್ನು ಮರೆಯಬೇಡಿ.

ಗಾಳಿ ಒಳಗೆ ಬರುವುದು ಹೇಗೆ? ಹೋಸು, ನೀರಿನ ಪಂಪು, ಥರ್ಮೋಸ್ಟಾಟ್, ರೇಡಿಯೇಟರ್ ಇವುಗಳಲ್ಲಿ ಯಾವುದನ್ನು ಬಿಚ್ಚಿದರೂ ನೀರು ಇಳಿದು ಗಾಳಿ ಏರುತ್ತದೆ. ಆಮೇಲೆ ಗಡಿಬಿಡಿಯಲ್ಲಿ ಸುರಿದರೆ ಗಾಳಿಗೆ ಹೊರಬರಲು ಸಮಯ ಸಿಗುವುದಿಲ್ಲ. ಸಡಿಲವಾದ ಕ್ಲಿಪ್ಪು, ಇಲಿ ಕಡಿದ ಹೋಸು, ಕೆಟ್ಟ ಮುಚ್ಚಳ ಇವುಗಳಿಂದ ನೀರು ಸೋರಿದ ಜಾಗಕ್ಕೂ ಗಾಳಿ ಬರುತ್ತದೆ.

ಗುರುತುಗಳೇನು? ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಸದ್ದು. ಇಂಜಿನ್ ಕಾದಿದ್ದರೂ ಹೀಟರಿನಿಂದ ತಣ್ಣನೆಯ ಗಾಳಿ. ಮಳೆಗಾಲದಲ್ಲಿ ಗಾಜಿನ ಮಂಜು ಒರೆಸಲು ನಾವು ಹೀಟರ್ ಹಾಕುತ್ತೇವಲ್ಲ, ಆಗ ಇದನ್ನು ಗಮನಿಸಿ. ಏರಿನಲ್ಲಿ ಮುಳ್ಳು ಹತ್ತುವುದು, ಇಳಿಜಾರಿನಲ್ಲಿ ತಟ್ಟನೆ ಇಳಿಯುವುದು. ಸಂಜೆ ತುಂಬಿದ ಬಾಟ್ಲಿ ಬೆಳಿಗ್ಗೆ ಕೆಳಗಿಳಿದಿರುವುದು. ಇವುಗಳಲ್ಲಿ ಒಂದು ಕಂಡರೂ ಉದಾಸೀನ ಬೇಡ.

ಈಗ ಗಾಳಿ ತೆಗೆಯುವ ಕ್ರಮ. ಕಾಗದ ಪೆನ್ಸಿಲ್ ಇದ್ದರೆ ಗುರುತು ಮಾಡಿಕೊಳ್ಳಿ.

ಮೊದಲನೆಯದಾಗಿ, ಇಂಜಿನ್ ಪೂರ್ತಿ ತಣ್ಣಗಾಗಬೇಕು. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಈ ಕೆಲಸ ಮಾಡುವುದು ಉತ್ತಮ. ಬಿಸಿ ಇಂಜಿನಿನ ಮುಚ್ಚಳ ತೆಗೆದರೆ ಒತ್ತಡ ಒಮ್ಮೆಲೇ ಇಳಿದು, ೧೦೦ ಡಿಗ್ರಿ ಮೀರಿದ ನೀರು ಆ ಕ್ಷಣವೇ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಬಟ್ಟೆ ಸುತ್ತಿ ತೆಗೆದರೂ ಅಪಾಯ ತಪ್ಪುವುದಿಲ್ಲ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಎರಡನೆಯದಾಗಿ, ಗಾಡಿಯ ಮೂತಿ ಮೇಲಾಗುವಂತೆ ಸಣ್ಣ ಏರಿನಲ್ಲಿ ನಿಲ್ಲಿಸಿ. ನಮ್ಮಲ್ಲಿ ಏರಿಗೇನು ಬರವೇ? ಗಾಳಿ ಯಾವಾಗಲೂ ಮೇಲಕ್ಕೇ ಹೋಗುತ್ತದೆ. ನೀರು ಹೊಯ್ಯುವ ಬಾಯಿ ಎತ್ತರದಲ್ಲಿದ್ದರೆ ಗಾಳಿ ತಾನಾಗಿ ಅಲ್ಲಿಗೆ ಬರುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳ ಹಿಂದೆ ದಪ್ಪ ಕಲ್ಲು ಕೊಡಿ. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಬಾರದು. ಹೊಗೆ ಪ್ರಾಣ ತೆಗೆಯುತ್ತದೆ.

ಮೂರನೆಯದಾಗಿ, ಹೀಟರಿನ ಗುಂಡಿಯನ್ನು ಪೂರ್ತಿ ಬಿಸಿಯ ಕಡೆ ತಿರುಗಿಸಿ. ಹೀಟರಿನೊಳಗೂ ನೀರಿನ ದಾರಿಯಿದೆ. ಹಲವು ಗಾಡಿಗಳಲ್ಲಿ ಗುಂಡಿ ತಣ್ಣಗಿನ ಕಡೆ ಇದ್ದರೆ ಆ ದಾರಿ ಮುಚ್ಚಿ, ಗಾಳಿ ಅಲ್ಲಿಯೇ ಅಡಗಿ ಕೂರುತ್ತದೆ.

ನಾಲ್ಕನೆಯದಾಗಿ, ನಿಮ್ಮ ಗಾಡಿಯ ಬಾಯಿ ಯಾವುದು ಎಂದು ತಿಳಿಯಿರಿ. ರೇಡಿಯೇಟರಿನ ತಲೆಯ ಮೇಲೆ ಲೋಹದ ಮುಚ್ಚಳ ಇದ್ದರೆ ಅಲ್ಲಿಂದಲೇ ತುಂಬತಕ್ಕದ್ದು. ಪಕ್ಕದ ಬಾಟ್ಲಿಗೆ ಮಾತ್ರ ಸುರಿದರೆ ಖಾಲಿಯಾದ ಇಂಜಿನ್ ತುಂಬುವುದಿಲ್ಲ. ಈಗಿನ ಅನೇಕ ಗಾಡಿಗಳಲ್ಲಿ ರೇಡಿಯೇಟರಿಗೆ ಮುಚ್ಚಳವೇ ಇಲ್ಲ. ಎತ್ತರದಲ್ಲಿರುವ ದಪ್ಪ ಬಾಟ್ಲಿಯ ತಿರುಪು ಮುಚ್ಚಳವೇ ಬಾಯಿ. ಅಂಥ ಬಾಟ್ಲಿಗೆ ಸಣ್ಣ ಹೋಸೊಂದು ಗಾಳಿಯನ್ನು ತಂದು ಬಿಡುತ್ತಿರುತ್ತದೆ. ಆ ಹೋಸು ಕಟ್ಟಿಕೊಂಡಿಲ್ಲ ಎಂಬುದನ್ನು ನೋಡಿಕೊಳ್ಳಿ.

ಐದನೆಯದಾಗಿ, ಗಾಳಿ ಬಿಡುವ ತಿರುಪು. ಅಬ್ಬಿ ಪೈಪಿನ ದಿಣ್ಣೆಯಲ್ಲಿ ಜಾಯಿಂಟು ಸಡಿಲಿಸಿದ ಹಾಗೆ, ಕೆಲವು ಇಂಜಿನುಗಳಲ್ಲಿ ಎತ್ತರದ ಜಾಗದಲ್ಲಿ ಇದಕ್ಕೆಂದೇ ಒಂದು ಸಣ್ಣ ತಿರುಪು ಇಟ್ಟಿರುತ್ತಾರೆ. ಥರ್ಮೋಸ್ಟಾಟಿನ ಮನೆಯ ಮೇಲೋ, ಮೇಲಿನ ಹೋಸಿನಲ್ಲೋ, ರೇಡಿಯೇಟರಿನ ಮೂಲೆಯಲ್ಲೋ ಇರಬಹುದು. ಎಲ್ಲ ಗಾಡಿಗಳಲ್ಲೂ ಇರುವುದಿಲ್ಲ. ಗಾಡಿಯ ಜೊತೆ ಕೊಟ್ಟ ಕೈಪಿಡಿ ನೋಡಿ, ಇಲ್ಲವೆ ಮೆಕ್ಯಾನಿಕ್ಕನ್ನು ಕೇಳಿ. ಇಂಜಿನ್ ತಣ್ಣಗಿರುವಾಗ ಮಾತ್ರ ಅದನ್ನು ಒಂದೆರಡು ಸುತ್ತು ಸಡಿಲಿಸಿ. ಪ್ಲಾಸ್ಟಿಕ್ಕಿನದಾದರೆ ಬಲ ಹಾಕಬೇಡಿ, ಮುರಿಯುತ್ತದೆ.

ಆರನೆಯದಾಗಿ, ನಿಧಾನವಾಗಿ ಹೊಯ್ಯಿರಿ. ಸೀಸೆಗೆ ಎಣ್ಣೆ ತುಂಬುವ ಹಾಗೆ ಸಣ್ಣ ಧಾರೆಯಾಗಿ ಹೊಯ್ಯಬೇಕು. ನಡುನಡುವೆ ಮೇಲಿನ ದಪ್ಪ ಹೋಸನ್ನು ಕೈಯಲ್ಲಿ ಹಿಚುಕಿ ಬಿಡಿ, ಕೆಚ್ಚಲು ಹಿಂಡಿದಂತೆ. ಗುಳ್ಳೆಗಳು ಮೇಲೆ ಬರುತ್ತವೆ. ತಿರುಪಿನಿಂದ ಮೊದಲು ಗಾಳಿ, ಆಮೇಲೆ ನೊರೆ, ಕೊನೆಗೆ ಗುಳ್ಳೆಯಿಲ್ಲದ ನೀರು ಬರುತ್ತದೆ. ಆಗ ತಿರುಪನ್ನು ಮುಚ್ಚಿ, ಬಾಯಿಯನ್ನು ಗುರುತಿನವರೆಗೆ ತುಂಬಿ, ಮುಚ್ಚಳ ಬಿಗಿ ಮಾಡಿ.

ಏಳನೆಯದಾಗಿ, ಇಂಜಿನ್ ಚಾಲೂ ಮಾಡಿ, ನಿಂತಲ್ಲೇ ಮೆಲ್ಲಗೆ ಓಡಲಿ. ಆಕ್ಸಿಲರೇಟರ್ ಒತ್ತಬೇಡಿ. ಕಣ್ಣು ಮುಳ್ಳಿನ ಮೇಲಿರಲಿ. ಥರ್ಮೋಸ್ಟಾಟ್ ತೆರೆದ ಮೇಲೆ ರೇಡಿಯೇಟರಿನ ಎರಡು ಹೋಸುಗಳೂ ಬೆಚ್ಚಗಾಗುತ್ತವೆ, ಹೀಟರಿನಿಂದ ಬಿಸಿ ಗಾಳಿ ಬರುತ್ತದೆ. ಮುಳ್ಳು ಎಂದಿನ ಜಾಗ ದಾಟಿ ಮೇಲೇರಿದರೆ ತಕ್ಷಣ ನಿಲ್ಲಿಸಿ. ಸೆರಗು, ಟವೆಲು, ತೋಳು ಫ್ಯಾನಿನ ಬಳಿ ಹೋಗಬಾರದು. ವಿದ್ಯುತ್ ಫ್ಯಾನು ಇಂಜಿನ್ ನಿಂತ ಮೇಲೂ ತಾನಾಗಿ ತಿರುಗಬಹುದು. ಮುಚ್ಚಳ ತೆರೆದಿಟ್ಟೇ ಇಂಜಿನ್ ಕಾಯಿಸುವ ಪದ್ಧತಿಯೂ ಒಂದಿದೆ. ಕೈಪಿಡಿ ಹಾಗೆ ಹೇಳಿದ್ದರೆ, ಬಲ್ಲವರು ಜೊತೆಗಿದ್ದರೆ ಮಾತ್ರ ಅದನ್ನು ಮಾಡಿ.

ಎಂಟನೆಯದಾಗಿ, ನಿಲ್ಲಿಸಿ, ಪೂರ್ತಿ ತಣಿಯಲು ಬಿಡಿ. ಇದೇ ಮುಖ್ಯ. ಒಳಗೆ ಉಳಿದ ಗಾಳಿ ತಣಿಯುವಾಗ ಮೇಲೆ ಬಂದು ಸೇರುತ್ತದೆ, ನೀರಿನ ಮಟ್ಟ ಇಳಿಯುತ್ತದೆ. ಮರುದಿನ ಬೆಳಿಗ್ಗೆ ಮುಚ್ಚಳ ತೆಗೆದು ಇಳಿದಷ್ಟನ್ನು ತುಂಬಿ. ಆಮೇಲೆ ಊರ ಹತ್ತಿರವೇ ಖಾಲಿ ಗಾಡಿಯನ್ನು ನಾಲ್ಕು ಕಿಲೋಮೀಟರ್ ಓಡಿಸಿ ತನ್ನಿ. ಮತ್ತೆ ತಣಿಸಿ, ಮತ್ತೆ ನೋಡಿ. ಎರಡು ಮೂರು ದಿನ ಹೀಗೆ ಮಾಡಿ, ಮಟ್ಟ ಒಂದೇ ಕಡೆ ನಿಂತಿತು ಎಂದರೆ ಗಾಳಿ ಹೋಯಿತು ಎಂದು ತಿಳಿಯಿರಿ. ಅಲ್ಲಿಯವರೆಗೆ ಭಾರ ಹೇರಬೇಡಿ, ಘಾಟಿ ಇಳಿಯಬೇಡಿ.

ಕೆಲವು ಹೊಸ ಕಾರುಗಳಲ್ಲಿ ನೀರಿನ ಪಂಪು ವಿದ್ಯುತ್ತಿನದು. ಅವುಗಳ ಗಾಳಿ ತೆಗೆಯಲು ವರ್ಕ್‌ಶಾಪಿನ ಕಂಪ್ಯೂಟರ್ ಬೇಕಾಗಬಹುದು. ಒಳಗಿನ ಗಾಳಿಯನ್ನೆಲ್ಲ ಮೊದಲು ಹೀರಿ ತೆಗೆದು, ಆ ಬರಿದಾದ ಜಾಗಕ್ಕೆ ಕೂಲೆಂಟ್ ಎಳೆದುಕೊಳ್ಳುವಂತೆ ಮಾಡುವ ಉಪಕರಣವೂ ಉಂಟು. ಅಂಥ ಗಾಡಿಗೆ ಮನೆಯಲ್ಲಿ ಕೈ ಹಾಕದೆ ವರ್ಕ್‌ಶಾಪಿಗೆ ಒಪ್ಪಿಸುವುದೇ ಲೇಸು.

ಕೂಲೆಂಟ್ ವಿಷಯದಲ್ಲಿ ಎರಡು ಮಾತು. ಕೈಪಿಡಿಯಲ್ಲಿ ಹೇಳಿದ ಜಾತಿಯದನ್ನೇ ಹಾಕಿ. ಬಣ್ಣ ಒಂದೇ ಎಂದು ಬೇರೆ ಬೇರೆ ಜಾತಿಯದನ್ನು ಬೆರೆಸಬಾರದು. ಗಟ್ಟಿ ಕೂಲೆಂಟ್ ತಂದಿದ್ದರೆ ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ, ಸಾಮಾನ್ಯವಾಗಿ ಅರ್ಧಕ್ಕರ್ಧ, ಬ್ಯಾಟರಿಗೆ ಹಾಕುವ ಶುದ್ಧ ನೀರನ್ನು ಬೆರೆಸಿ. ಹೊಳೆಯ ನೀರು, ಬೋರ್‌ವೆಲ್ ನೀರು ದಾರಿಯಲ್ಲಿ ಸಿಕ್ಕಿಬಿದ್ದಾಗ ಮಾತ್ರ. ಅದೂ ಇಂಜಿನ್ ತಣಿದ ಮೇಲೆಯೇ. ಕಾದ ಇಂಜಿನಿಗೆ ತಣ್ಣೀರು ಹೊಯ್ದರೆ ಲೋಹ ಬಿರಿಯುತ್ತದೆ.

ತಾಯಂದಿರು ಇದನ್ನು ವಿಶೇಷವಾಗಿ ಕೇಳಬೇಕು. ಸಾಮಾನ್ಯ ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ಆದರೆ ರುಚಿ ಸಿಹಿ. ಅಂಗಳದಲ್ಲಿ ಚೆಲ್ಲಿದ್ದನ್ನು ನಾಯಿ ನೆಕ್ಕಬಹುದು, ದನಕರು ಕುಡಿಯಬಹುದು, ಬಣ್ಣಕ್ಕೆ ಮರುಳಾಗಿ ಮಗು ಬಾಯಿಗೆ ಹಾಕಬಹುದು. ಚೆಲ್ಲಿದರೆ ಮಣ್ಣು ಹಾಕಿ ಹೀರಿಸಿ, ಬಾಚಿ ತೆಗೆಯಿರಿ. ಹಳೆಯ ಕೂಲೆಂಟನ್ನು ಶರಬತ್ತಿನ ಬಾಟ್ಲಿಯಲ್ಲಿ ಇಡಬೇಡಿ. ಹಳ್ಳಕ್ಕೂ ಸುರಿಯಬೇಡಿ. ಹಳ್ಳದ ನೀರು ನಿಮ್ಮ ಕೆಳಗಿನ ಗದ್ದೆಗೆ, ಅಲ್ಲಿಂದ ಹೇಮಾವತಿಗೆ ಹೋಗುವಂಥದು. ಡಬ್ಬಿಗೆ ತುಂಬಿ ವರ್ಕ್‌ಶಾಪಿಗೆ ಕೊಡಿ.

ಘಾಟಿಯಲ್ಲಿಯೇ ಮುಳ್ಳು ಏರತೊಡಗಿದರೆ ಏನು ಮಾಡಬೇಕು? ಎ.ಸಿ. ನಿಲ್ಲಿಸಿ, ಹೀಟರನ್ನು ಪೂರ್ತಿ ಹಾಕಿ. ಸೆಕೆಯಾದರೂ ತಡೆದುಕೊಳ್ಳಿ. ಅಷ್ಟು ಶಾಖ ಇಂಜಿನಿನಿಂದ ಹೊರಬಂತು ಎಂದೇ ಲೆಕ್ಕ. ಅಗಲವಾದ ಜಾಗ ನೋಡಿ ತಿರುವಿನಿಂದ ದೂರ ನಿಲ್ಲಿಸಿ, ದೀಪ ಮಿಣುಕಿಸಿ. ಮುಳ್ಳು ಕೆಂಪಿಗೆ ಹೋದರೆ ಅಥವಾ ಆವಿ ಕಂಡರೆ ಇಂಜಿನ್ ನಿಲ್ಲಿಸಿ, ಆವಿ ಅಡಗುವವರೆಗೆ ಬಾನೆಟ್ ಎತ್ತಬೇಡಿ. "ಇನ್ನೇನು ಮಾರನಹಳ್ಳಿ ಬಂತು, ಒಂದಿಷ್ಟು ದೂರ ಎಳೆದುಬಿಡೋಣ" ಎಂಬ ಆಸೆಯೇ ಎಷ್ಟೋ ಇಂಜಿನುಗಳನ್ನು ಸುಟ್ಟಿದೆ. ತೊಂದರೆ ಇಲ್ಲದೆ ಏರು ಮುಗಿಸಿ ಬಂದಾಗಲೂ ಟರ್ಬೊ ಗಾಡಿಯನ್ನು ತಟ್ಟನೆ ಆರಿಸದೆ, ಒಂದೆರಡು ನಿಮಿಷ ನಿಂತಲ್ಲೇ ಓಡಲು ಬಿಡಿ. ಆ ಹೊತ್ತಿನಲ್ಲಿ ಎಣ್ಣೆ ಮತ್ತು ಕೂಲೆಂಟ್ ಟರ್ಬೊದ ಶಾಖವನ್ನು ಇಳಿಸುತ್ತವೆ.

ಎಷ್ಟು ಸಲ ಗಾಳಿ ತೆಗೆದರೂ ಗುಳ್ಳೆ ನಿಲ್ಲದಿದ್ದರೆ, ಇಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ಇಂಜಿನ್ ಕಾದ ಮೇಲೂ ಬಿಳಿಯ ಹೊಗೆ ಬರುತ್ತಿದ್ದರೆ, ಆ ಗಾಳಿ ಹೊರಗಿನದಲ್ಲ. ಹೆಡ್ ಗ್ಯಾಸ್ಕೆಟ್ಟು ಹೋಗಿ ಸಿಲಿಂಡರಿನ ಹೊಗೆಯೇ ನೀರಿಗೆ ನುಗ್ಗುತ್ತಿರಬಹುದು. ಅಂಥ ಗಾಡಿಯನ್ನು ಓಡಿಸದೆ, ಬೇರೆ ಗಾಡಿಗೆ ಕಟ್ಟಿ ಮೆಕ್ಯಾನಿಕ್ ಬಳಿಗೆ ಎಳೆದುಕೊಂಡು ಹೋಗಿ.

ರೈತ ಬಾಂಧವರೆ, ಕಾಫಿ ಕೊಯ್ಲು ಶುರುವಾದ ಮೇಲೆ ಇದಕ್ಕೆಲ್ಲ ಪುರುಸೊತ್ತು ಸಿಗುವುದಿಲ್ಲ. ಆದಕಾರಣ ಕೊಯ್ಲಿಗೆ ಮುಂಚೆ ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು ಹೋಸು, ಕ್ಲಿಪ್ಪು, ಮುಚ್ಚಳ, ನೀರಿನ ಮಟ್ಟ ಈ ನಾಲ್ಕನ್ನು ನೋಡಿ. ದಿನವೂ ಹೊರಡುವ ಮುನ್ನ ಬಾಟ್ಲಿಯ ಕಡೆ ಒಂದು ಕಣ್ಣು ಹಾಯಿಸಿ. ಗಾಳಿಗೆ ಮೇಲಿನ ದಾರಿ ಕೊಡಿ, ಹೋಗಲು ಸಮಯ ಕೊಡಿ, ಬಿಸಿ ಇದ್ದಾಗ ಮುಚ್ಚಳ ಮುಟ್ಟಬೇಡಿ. ನಡುರಾತ್ರಿ ಮನೆಯವರಿಗಾಗಿ ಗಾಡಿ ಹೊರಡಿಸಬೇಕಾದ ದಿನ, ಈ ಬೆಳಗಿನ ಕೆಲಸ ನಿಮ್ಮ ಕೈ ಹಿಡಿಯುತ್ತದೆ.